ಕಾರ್ಲ್ ಜೋಸೆಫ್ ಬೇಯರ್

ಕಾರ್ಲ್ ಜೋಸೆಫ್ ಬೇಯರ್ (ಮಾರ್ಚ್ 4, 1847 – 1904) ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞರು. ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತೆಗೆಯುವ ಬೇಯರ್ ವಿಧಾನವನ್ನು ರೂಪಿಸಿದವರು. ಜಗತ್ತಿನ ಅಲ್ಯೂಮಿನಾದ ಬಹುಪಾಲು ಇಂದಿಗೂ ಈ ವಿಧಾನದಿಂದಲೇ ತಯಾರಾಗುತ್ತದೆ. ಬೆಳಗಾವಿಯ ಕಾರ್ಖಾನೆಯೂ ಇದನ್ನೇ ಅನುಸರಿಸುತ್ತದೆ. ಇದರಲ್ಲಿ ಉಳಿಯುವ ಕೆಂಪು ಕೆಸರಿನಿಂದ ಕಬ್ಬಿಣ ಪಡೆಯಬಹುದೆಂದು ಬೇಯರ್ ಆಗಲೇ ಸೂಚಿಸಿದ್ದರು. ಇದೇ ಹೆಸರಿನ ಜರ್ಮನಿಯ ಔಷಧ ಕಂಪನಿಗೂ ಇವರಿಗೂ ಸಂಬಂಧವಿಲ್ಲ.

ಜನನ ಮತ್ತು ಶಿಕ್ಷಣ

ಬೇಯರ್ ಅವರು ಆಗ ಆಸ್ಟ್ರಿಯಾದ ಸೈಲೀಸಿಯಾ ಪ್ರಾಂತ್ಯಕ್ಕೆ ಸೇರಿದ್ದ ಬೀಲಿಟ್ಸ್ ಪಟ್ಟಣದಲ್ಲಿ ಜನಿಸಿದರು. ಅದು ಈಗ ಪೋಲೆಂಡಿನಲ್ಲಿದೆ. ವೀಸ್‌ಬಾಡೆನ್‌ನಲ್ಲಿ ಫ್ರೆಸೇನಿಯಸ್ ಅವರ ಪ್ರಯೋಗಾಲಯದಲ್ಲಿ ಕಲಿತು, ಕೆಲಕಾಲ ಬೆಲ್ಜಿಯಂನ ಶಾರ್ಲೆರುವಾದ ಉಕ್ಕಿನ ಕಾರ್ಖಾನೆಯಲ್ಲಿ ದುಡಿದರು. ಅನಂತರ ಹೈಡೆಲ್‌ಬರ್ಗ್‌ನಲ್ಲಿ ರಾಬರ್ಟ್ ಬುನ್ಸೆನ್ ಅವರ ಶಿಷ್ಯರಾಗಿ, ಇಂಡಿಯಂ ಲೋಹದ ರಸಾಯನವನ್ನು ಕುರಿತ ಪ್ರಬಂಧಕ್ಕೆ 1871ರಲ್ಲಿ ಡಾಕ್ಟರೇಟ್ ಪಡೆದರು. ಬ್ರುನೋ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಸ್ವಲ್ಪ ಕಾಲ ಬೋಧಿಸಿ, ಆ ಹುದ್ದೆಯನ್ನು ಬಿಟ್ಟು ಸ್ವಂತ ಪ್ರಯೋಗಾಲಯ ತೆರೆದರು.

ಬೇಯರ್ ವಿಧಾನ

ಬೇಯರ್ ಅವರ ಮುಖ್ಯ ಶೋಧಗಳು ನಡೆದದ್ದು ರಷ್ಯಾದಲ್ಲಿ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವರು ಕೈಗೊಂಡ ಕೆಲಸಕ್ಕೂ ಅಲ್ಯೂಮಿನಿಯಂ ಲೋಹಕ್ಕೂ ನೇರ ಸಂಬಂಧವಿರಲಿಲ್ಲ. ಹತ್ತಿ ಬಟ್ಟೆಗೆ ಬಣ್ಣ ಗಟ್ಟಿಯಾಗಿ ಹಿಡಿಸಲು ಬೇಕಾದ ಅಲ್ಯೂಮಿನಾ ಒದಗಿಸುವುದು ಅದರ ಉದ್ದೇಶವಾಗಿತ್ತು. ಸೋಡಾ ದ್ರಾವಣಕ್ಕೆ ಹೊಸದಾಗಿ ತಯಾರಿಸಿದ ಅಲ್ಯೂಮಿನಿಯಂ ಹೈಡ್ರಾಕ್ಸೈಡನ್ನು ಸ್ವಲ್ಪ ಬೆರೆಸಿ ಕಲಕುತ್ತಿದ್ದರೆ, ಹಾಲಿಗೆ ಹೆಪ್ಪು ಹಾಕಿದಂತೆ, ಕರಗಿದ್ದ ಅಲ್ಯೂಮಿನಿಯಂ ಹರಳುಗಟ್ಟಿ ಹೊರಬೀಳುತ್ತದೆ ಎಂಬುದನ್ನು ಅವರು 1887ರಲ್ಲಿ ಕಂಡುಕೊಂಡರು. ಈ ಹರಳನ್ನು ಸೋಸುವುದೂ ತೊಳೆಯುವುದೂ ಸುಲಭವಾಗಿತ್ತು. 1892ರಲ್ಲಿ ಎರಡನೆಯ ಹೆಜ್ಜೆ ಕೂಡಿಬಂದಿತು. ಅದುವರೆಗೆ ಬಾಕ್ಸೈಟನ್ನು ಸೋಡಾದೊಂದಿಗೆ ಕುಲುಮೆಯಲ್ಲಿ ಹುರಿಯಬೇಕಾಗಿತ್ತು. ಅದರ ಬದಲು, ಮುಚ್ಚಿದ ಪಾತ್ರೆಯಲ್ಲಿ ಒತ್ತಡಕ್ಕೆ ಒಳಪಡಿಸಿ ಕಾಸ್ಟಿಕ್ ಸೋಡಾದಲ್ಲಿ ಕುದಿಸಿದರೆ ಸಾಕೆಂದು ಬೇಯರ್ ತೋರಿಸಿಕೊಟ್ಟರು. ಹರಳು ತೆಗೆದ ಮೇಲೆ ಉಳಿಯುವ ಸೋಡಾವನ್ನು ಮತ್ತೆ ಬಳಸಬಹುದಾಗಿತ್ತು.

ವಿದ್ಯುತ್ತಿನಿಂದ ಅಲ್ಯೂಮಿನಿಯಂ ಬೇರ್ಪಡಿಸುವ ವಿಧಾನವನ್ನು 1886ರಲ್ಲಿಯೇ ಹಾಲ್ ಮತ್ತು ಎರೂ ಕಂಡುಹಿಡಿದಿದ್ದರು. ಅದಕ್ಕೆ ಬೇಕಾದ ಶುದ್ಧ ಅಲ್ಯೂಮಿನಾ ಬೇಯರ್ ವಿಧಾನದಿಂದ ಅಗ್ಗವಾಗಿ ದೊರೆಯಿತು. ಬಣ್ಣಗಾರಿಕೆಗಾಗಿ ಹುಟ್ಟಿದ ಶೋಧವು ಹೀಗೆ ಲೋಹೋದ್ಯಮದ ಆಧಾರವಾಯಿತು.

ಕೆಂಪು ಕೆಸರು ಮತ್ತು ಕಬ್ಬಿಣ

ಬಾಕ್ಸೈಟಿನಲ್ಲಿರುವ ಕಬ್ಬಿಣ ಸೋಡಾದಲ್ಲಿ ಕರಗುವುದಿಲ್ಲ. ಕೆಂಪು ಕೆಸರಾಗಿ ತಳದಲ್ಲಿ ಉಳಿಯುತ್ತದೆ. ಇದನ್ನು ಬೇಯರ್ ಕಸವೆಂದು ಎಣಿಸಿರಲಿಲ್ಲ. ಕಬ್ಬಿಣ ಹೆಚ್ಚಾಗಿಯೂ ಅಲ್ಯೂಮಿನಾ ಕಡಿಮೆಯಾಗಿಯೂ ಇರುವ ಈ ಶೇಷವನ್ನು ಬೇರೆ ಅದಿರಿನೊಂದಿಗೆ ಕರಗಿಸಿ ಕಬ್ಬಿಣ ಪಡೆಯಬಹುದೆಂದು 1892ರ ಪೇಟೆಂಟ್ ಪತ್ರದಲ್ಲಿಯೇ ತಿಳಿಸಿದ್ದರು. ಉಕ್ಕಿನ ಕಾರ್ಖಾನೆಯನ್ನು ಕಂಡಿದ್ದವರಿಗೆ ಈ ಆಲೋಚನೆ ಸಹಜವೇ ಆಗಿತ್ತು.

ಆದರೆ ಈ ಭಾಗ ಅಷ್ಟು ಸುಲಭವಾಗಿ ಕೈಗೂಡಲಿಲ್ಲ. ಕೆಸರಿನಲ್ಲಿ ಉಳಿದ ಸೋಡಾ ಊದುಕುಲುಮೆಯ ಒಳಗೋಡೆಯನ್ನು ತಿನ್ನುತ್ತದೆ. ಕಣಗಳು ಅತಿ ನುಣುಪು. ನೀರನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದರಲ್ಲಿನ ಅಲ್ಯೂಮಿನಾ, ಟೈಟಾನಿಯಂಗಳಿಂದ ಕಿಟ್ಟ ಹೆಚ್ಚುತ್ತದೆ. ಕಬ್ಬಿಣವಿರುವುದು ಹೆಮಟೈಟ್ ಮತ್ತು ಗೋಥೈಟ್ ರೂಪದಲ್ಲಿ. ಸಾಮಾನ್ಯ ಅಯಸ್ಕಾಂತಕ್ಕೆ ಇವು ಸಿಗುವುದಿಲ್ಲವಾದ್ದರಿಂದ ಮೊದಲು ಹುರಿದು ಮ್ಯಾಗ್ನೆಟೈಟ್ ಆಗಿ ಮಾರ್ಪಡಿಸಬೇಕಾಗುತ್ತದೆ. ಗಣಿಯ ಅದಿರು ಅಗ್ಗವಾಗಿ ಸಿಗುವಾಗ ಇಷ್ಟು ಇಂಧನವನ್ನು ವ್ಯಯಿಸಲು ಉದ್ಯಮಗಳು ಮುಂದಾಗಲಿಲ್ಲ. ಒಂದು ಟನ್ ಅಲ್ಯೂಮಿನಾಕ್ಕೆ ಸುಮಾರು ಒಂದರಿಂದ ಒಂದೂವರೆ ಟನ್ ಕೆಸರು ಬೀಳುವುದರಿಂದ ಕಾರ್ಖಾನೆಗಳ ಬಳಿ ದೊಡ್ಡ ರಾಶಿಗಳೇ ಬೆಳೆದವು. 2010ರ ಅಕ್ಟೋಬರ್ 4ರಂದು ಹಂಗೇರಿಯ ಆಯ್ಕಾದಲ್ಲಿ ಕೆಸರಿನ ಕಟ್ಟೆಯೊಡೆದು ಹತ್ತು ಮಂದಿ ಸತ್ತರು. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಹೈಡ್ರೋಜನ್ ಪ್ಲಾಸ್ಮಾದಿಂದ ಈ ಕೆಸರಿನ ಕಬ್ಬಿಣವನ್ನು ಬೇರ್ಪಡಿಸಿದ ಪ್ರಯೋಗವನ್ನು 2024ರಲ್ಲಿ ಪ್ರಕಟಿಸಿದರು.

ಕೊನೆಯ ದಿನಗಳು

ರಷ್ಯಾದಿಂದ ಮರಳಿದ ಬೇಯರ್, ಈಗ ಸ್ಲೊವೇನಿಯಾಕ್ಕೆ ಸೇರಿರುವ ರೀಟ್ಸ್‌ಡೋರ್ಫ್ ಎಂಬಲ್ಲಿ ನೆಲೆಸಿ 1904ರಲ್ಲಿ ನಿಧನರಾದರು.

ಕರ್ನಾಟಕದಲ್ಲಿ

ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಯನ್ನು ಇಂಡಿಯನ್ ಅಲ್ಯೂಮಿನಿಯಂ ಕಂಪನಿ ಸ್ಥಾಪಿಸಿತು; ಅದು ಈಗ ಹಿಂಡಾಲ್ಕೊ ಸಂಸ್ಥೆಗೆ ಸೇರಿದೆ. ಇಲ್ಲಿನ ಕೆಂಪು ಕೆಸರನ್ನು ಸಿಮೆಂಟ್ ಕಾರ್ಖಾನೆಗಳಿಗೆ ಕಳುಹಿಸಲಾಗುತ್ತಿದೆ. ಸುಣ್ಣಕಲ್ಲು ಗೂಡಿನಲ್ಲಿ ಬೇಗ ಬೇಯಲು ಸ್ವಲ್ಪ ಕಬ್ಬಿಣ ಬೇಕು. ಅದನ್ನು ಸಾಮಾನ್ಯವಾಗಿ ಜಂಬಿಟ್ಟಿಗೆಯ ಮಣ್ಣಿನಿಂದ ಒದಗಿಸುತ್ತಾರೆ. ಲೋಕಾಪುರ, ಮುಧೋಳ ಸೀಮೆಯಂತಹ ಸುಣ್ಣಕಲ್ಲಿನ ನಾಡಿನಲ್ಲಿ ಸಿಮೆಂಟ್ ಉದ್ಯಮ ಬೆಳೆದಿರುವುದರಿಂದ ಇಂತಹ ಬಳಕೆಗೆ ಇಲ್ಲಿ ಅವಕಾಶವಿದೆ. ಆದರೆ ಹೀಗೆ ಬಳಸಿದ ಕಬ್ಬಿಣ ಸಿಮೆಂಟಿನಲ್ಲಿಯೇ ಬೆರೆತುಹೋಗುತ್ತದೆ. ಬೇಯರ್ ಬಯಸಿದಂತೆ ಲೋಹವಾಗಿ ಹೊರಬರುವುದಿಲ್ಲ.