ಐಡಾ ಬಿ. ವೆಲ್ಸ್: ವರ್ಣಭೇದ ಮುಗಿದ ಕತೆ ಎಂದವರ ಮುಂದೆ ಲೆಕ್ಕ ಇಟ್ಟ ಪತ್ರಕರ್ತೆ

ಅಮೆರಿಕದಲ್ಲಿ ವರ್ಣಭೇದ ಇಂದಿಗೂ ಇದೆಯೇ, ಇಲ್ಲವೇ? ಈ ಪ್ರಶ್ನೆಗೆ ಅಲ್ಲಿನ ರಾಜಕಾರಣಿಗಳು ಇದುವರೆಗೆ ಒಮ್ಮತದ ಉತ್ತರ ಕೊಟ್ಟಿಲ್ಲ. 2021ರ ಏಪ್ರಿಲ್‌ನಲ್ಲಿ ರಿಪಬ್ಲಿಕನ್ ಪಕ್ಷದ ಕಪ್ಪುವರ್ಣೀಯ ಸೆನೆಟರ್ ಟಿಮ್ ಸ್ಕಾಟ್, ತಾವೇ ತಾರತಮ್ಯ ಅನುಭವಿಸಿದ್ದಾಗಿ ಹೇಳುತ್ತಲೇ, ಅಮೆರಿಕ ವರ್ಣಭೇದದ ದೇಶವಲ್ಲ ಎಂದಿದ್ದರು. 2024ರ ಜನವರಿಯಲ್ಲಿ ಅದೇ ಪಕ್ಷದಿಂದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಸ್ಪರ್ಧಿಸುತ್ತಿದ್ದ ಭಾರತ ಮೂಲದ ನಿಕ್ಕಿ ಹ್ಯಾಲಿ ಇನ್ನೂ ಮುಂದೆ ಹೋಗಿ, ಅಮೆರಿಕ ಎಂದೂ ಅಂಥ ದೇಶವಾಗಿರಲಿಲ್ಲ ಎಂದರು. ಡೆಮಾಕ್ರಟಿಕ್ ಪಕ್ಷದ ಹಲವರ ವಾದ ಇದಕ್ಕೆ ತದ್ವಿರುದ್ಧ. ಪೊಲೀಸ್ ವ್ಯವಸ್ಥೆ, ವಸತಿ, ಶಾಲೆ, ಮತದಾನ ಎಲ್ಲದರಲ್ಲೂ ತಾರತಮ್ಯ ಬೇರೂರಿದೆ ಎನ್ನುತ್ತಾರೆ ಅವರು.

ಆದರೆ ಈ ಜಗಳ ಇಂದು ನಿನ್ನೆಯದಲ್ಲ. ಸುಮಾರು 140 ವರ್ಷಗಳ ಹಿಂದೆ, ಗುಲಾಮಗಿರಿ ರದ್ದಾಗಿ ಎರಡು ದಶಕವೂ ತುಂಬದಿದ್ದಾಗಲೇ, ಸಮಸ್ಯೆ ಮುಗಿದಿದೆ ಎಂಬ ಮಾತು ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲೇ ಕೇಳಿಬಂದಿತ್ತು. ಆಗ ಒಬ್ಬ ಯುವ ಶಿಕ್ಷಕಿ, ಮುಂದೆ ಪತ್ರಕರ್ತೆಯಾದ ಹೆಣ್ಣುಮಗಳು, ಈ ವಾದವನ್ನು ಅಂಕಿಅಂಶಗಳಿಂದಲೇ ಎದುರಿಸಲು ನಿಂತರು. ಅವರೇ ಐಡಾ ಬಿ. ವೆಲ್ಸ್.

ಗುಲಾಮಗಿರಿಯಲ್ಲಿ ಹುಟ್ಟು, 16ಕ್ಕೆ ಸಂಸಾರದ ಹೊರೆ

ಐಡಾ ಜನಿಸಿದ್ದು 1862ರ ಜುಲೈ 16ರಂದು, ಮಿಸಿಸಿಪಿ ರಾಜ್ಯದ ಹಾಲಿ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ. ತಂದೆ ಜೇಮ್ಸ್ ಬಡಗಿ, ತಾಯಿ ಎಲಿಜಬೆತ್ ಅಡುಗೆಯವರು. ಇಬ್ಬರೂ ಗುಲಾಮರಾಗಿದ್ದರು, ಹಾಗಾಗಿ ಹುಟ್ಟುವಾಗ ಮಗುವೂ ಗುಲಾಮಳೇ. 1865ರಲ್ಲಿ ಸಂವಿಧಾನದ 13ನೇ ತಿದ್ದುಪಡಿ ಗುಲಾಮಗಿರಿಯನ್ನು ಕೊನೆಗಾಣಿಸಿತು. ನಂತರದ ಐದು ವರ್ಷಗಳಲ್ಲಿ ಇನ್ನೆರಡು ತಿದ್ದುಪಡಿಗಳು ಬಂದು ಕಪ್ಪುವರ್ಣೀಯರಿಗೆ ಪೌರತ್ವ, ಪುರುಷರಿಗೆ ಮತದಾನದ ಹಕ್ಕು ಸಿಕ್ಕಿತು. ಜೇಮ್ಸ್ ವೆಲ್ಸ್ ಮತ ಹಾಕಿದರು, ಊರಿನ ಹೊಸ ಕಾಲೇಜಿನ ಟ್ರಸ್ಟಿಯಾದರು. ಮಗಳು ಅಲ್ಲೇ ಓದಿದಳು.

1878ರಲ್ಲಿ ಹಳದಿ ಜ್ವರ ಊರನ್ನು ಆವರಿಸಿತು. ತಂದೆ, ತಾಯಿ ಮತ್ತು ಹಸುಗೂಸಾಗಿದ್ದ ತಮ್ಮ ತೀರಿಕೊಂಡರು. ಉಳಿದ ಮಕ್ಕಳನ್ನು ಬೇರೆ ಬೇರೆ ಮನೆಗಳಿಗೆ ಹಂಚಿಬಿಡೋಣ ಎಂದು ಹಿರಿಯರು ಮಾತನಾಡುತ್ತಿದ್ದಾಗ 16ರ ಐಡಾ ಒಪ್ಪಲಿಲ್ಲ. ವಯಸ್ಸು 18 ಎಂದು ಹೇಳಿಕೊಂಡು ಹಳ್ಳಿ ಶಾಲೆಯೊಂದರಲ್ಲಿ ತಿಂಗಳಿಗೆ 25 ಡಾಲರ್ ಸಂಬಳದ ಶಿಕ್ಷಕಿಯಾದರು. ವಾರಾಂತ್ಯದಲ್ಲಿ ಹೇಸರಗತ್ತೆಯ ಮೇಲೆ ಕುಳಿತು ಮನೆಗೆ ಬಂದು ಒಡಹುಟ್ಟಿದವರ ಬಟ್ಟೆ ಒಗೆದು, ಅಡುಗೆ ಮಾಡಿಟ್ಟು ಹೋಗುತ್ತಿದ್ದರು. ಕೆಲವು ವರ್ಷಗಳ ನಂತರ ಉದ್ಯೋಗಕ್ಕಾಗಿ ಟೆನ್ನೆಸಿ ರಾಜ್ಯದ ಮೆಂಫಿಸ್ ಕಡೆಗೆ ಬಂದರು.

ರೈಲು ಬೋಗಿಯಿಂದ ನ್ಯಾಯಾಲಯಕ್ಕೆ

ಹೋಟೆಲ್, ರಂಗಮಂದಿರ, ರೈಲುಗಳಲ್ಲಿ ಬಣ್ಣದ ಆಧಾರದ ತಾರತಮ್ಯವನ್ನು ನಿಷೇಧಿಸುವ ಕಾಯ್ದೆಯನ್ನು ಅಮೆರಿಕ 1875ರಲ್ಲಿ ತಂದಿತ್ತು. 1883ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಂಟು-ಒಂದರ ಬಹುಮತದಿಂದ ಅದನ್ನು ರದ್ದುಮಾಡಿತು. ಗುಲಾಮಗಿರಿಯಿಂದ ಹೊರಬಂದವರು ಒಂದಲ್ಲ ಒಂದು ಹಂತದಲ್ಲಿ ಕಾನೂನಿನ ವಿಶೇಷ ಆಸರೆ ಬಿಟ್ಟು ಸಾಮಾನ್ಯ ನಾಗರಿಕರಂತೆ ಬದುಕಬೇಕು ಎಂಬುದು ಬಹುಮತದ ತೀರ್ಪಿನ ಧೋರಣೆ. ನ್ಯಾಯಮೂರ್ತಿ ಜಾನ್ ಮಾರ್ಷಲ್ ಹಾರ್ಲನ್ ಒಬ್ಬರೇ ಭಿನ್ನ ತೀರ್ಪು ಬರೆದರು. ಇತರ ಪ್ರಜೆಗಳಿಗೆ ಸಹಜವಾಗಿ ಸಿಗುವುದನ್ನು ಕೇಳುವುದು ವಿಶೇಷ ಸವಲತ್ತು ಹೇಗಾಗುತ್ತದೆ ಎಂಬುದು ಅವರ ಆಕ್ಷೇಪದ ಸಾರ.

ಹೆಚ್ಚುಕಡಿಮೆ ಅದೇ ಸಮಯದಲ್ಲಿ ಐಡಾ ಮೊದಲ ದರ್ಜೆ ಟಿಕೆಟ್ ಪಡೆದು ಮಹಿಳೆಯರ ಬೋಗಿಯಲ್ಲಿ ಕುಳಿತಿದ್ದರು. ಕಂಡಕ್ಟರ್ ಬಂದು, ಧೂಮಪಾನಿಗಳ ಬೋಗಿಗೆ ಹೋಗು ಎಂದ. ಅವರು ಏಳಲಿಲ್ಲ. ಎಳೆಯಲು ಬಂದವನ ಕೈಯನ್ನು ಕಚ್ಚಿದರು. ಕೊನೆಗೆ ಮೂವರು ಸೇರಿ ಅವರನ್ನು ಹೊರಹಾಕಿದರು. ಬೋಗಿಯಲ್ಲಿದ್ದ ಕೆಲವು ಬಿಳಿಯ ಪ್ರಯಾಣಿಕರು ಚಪ್ಪಾಳೆ ತಟ್ಟಿದರು.

ಐಡಾ ರೈಲ್ವೆ ಕಂಪನಿಯ ಮೇಲೆ ದಾವೆ ಹೂಡಿದರು. 1884ರ ಡಿಸೆಂಬರ್‌ನಲ್ಲಿ ಕೆಳ ನ್ಯಾಯಾಲಯ ಅವರಿಗೆ 500 ಡಾಲರ್ ಪರಿಹಾರ ಕೊಡಿಸಿತು. ಆದರೆ 1887ರಲ್ಲಿ ಟೆನ್ನೆಸಿಯ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುವು ಮುರುವು ಮಾಡಿತು. ಎರಡೂ ಬೋಗಿಗಳು ಸಮಾನವಾಗಿಯೇ ಇದ್ದವು, ಕಂಪನಿಗೆ ಕಿರುಕುಳ ಕೊಡುವುದೇ ಆಕೆಯ ಉದ್ದೇಶ ಎಂದು ಹೇಳಿತು. ಮೇಲಾಗಿ ಕೋರ್ಟ್ ಖರ್ಚನ್ನೂ ಅವರ ಮೇಲೆಯೇ ಹಾಕಿತು. ತಾರತಮ್ಯ ನಡೆದೇ ಇಲ್ಲ, ದೂರಿದವಳದೇ ತಪ್ಪು ಎಂಬ ಈ ತರ್ಕವನ್ನು ಐಡಾ ಜೀವನದುದ್ದಕ್ಕೂ ಮತ್ತೆ ಮತ್ತೆ ಎದುರಿಸಬೇಕಾಯಿತು.

ಈ ಅನುಭವವನ್ನು ಬರೆಯುತ್ತಲೇ ಅವರು ಪತ್ರಿಕೋದ್ಯಮಕ್ಕೆ ಬಂದರು. ಅಯೋಲಾ ಎಂಬ ಕಾವ್ಯನಾಮದಲ್ಲಿ ಬರೆದ ಲೇಖನಗಳು ಕಪ್ಪುವರ್ಣೀಯರ ಪತ್ರಿಕೆಗಳಲ್ಲಿ ಹೆಸರು ಮಾಡಿದವು. 1889ರಲ್ಲಿ ಮೆಂಫಿಸ್‌ನ ಫ್ರೀ ಸ್ಪೀಚ್ ಪತ್ರಿಕೆಯ ಪಾಲುದಾರರೂ ಸಂಪಾದಕರೂ ಆದರು. ಕಪ್ಪು ಮಕ್ಕಳ ಶಾಲೆಗಳ ದುಃಸ್ಥಿತಿಯನ್ನು ಬರೆದದ್ದಕ್ಕೆ 1891ರಲ್ಲಿ ಶಿಕ್ಷಕಿಯ ಕೆಲಸ ಹೋಯಿತು.

ಬದುಕು ಬದಲಿಸಿದ 1892

ಮೆಂಫಿಸ್‌ನ ಹೊರವಲಯದಲ್ಲಿ ಥಾಮಸ್ ಮಾಸ್ ಎಂಬ ಅಂಚೆಯಣ್ಣ ಗೆಳೆಯರೊಂದಿಗೆ ಸೇರಿ ಪೀಪಲ್ಸ್ ಗ್ರೋಸರಿ ಎಂಬ ದಿನಸಿ ಅಂಗಡಿ ನಡೆಸುತ್ತಿದ್ದರು. ಮಾಸ್ ಐಡಾ ಅವರ ಆಪ್ತ ಸ್ನೇಹಿತ. ಮಾಸ್ ದಂಪತಿಯ ಮಗಳಿಗೆ ಐಡಾ ಧರ್ಮತಾಯಿ. ಎದುರುಗಡೆಯ ಬಿಳಿಯ ವ್ಯಾಪಾರಿಯ ಗಿರಾಕಿಗಳು ಈ ಹೊಸ ಅಂಗಡಿಗೆ ಬರತೊಡಗಿದ್ದು ಅವನ ಕಣ್ಣು ಕುಕ್ಕಿತು. ಕಪ್ಪು ಮತ್ತು ಬಿಳಿಯ ಹುಡುಗರ ಗೋಲಿಯಾಟದಲ್ಲಿ ಶುರುವಾದ ಜಗಳ ದೊಡ್ಡವರಿಗೆ ಹಬ್ಬಿತು. ಒಂದು ರಾತ್ರಿ ಶಸ್ತ್ರಸಜ್ಜಿತ ಬಿಳಿಯರು ಅಂಗಡಿಗೆ ನುಗ್ಗಿದಾಗ ಕಾವಲಿಗಿದ್ದವರು ಗುಂಡು ಹಾರಿಸಿದರು, ಮೂವರು ಗಾಯಗೊಂಡರು. ಮಾಸ್, ಕ್ಯಾಲ್ವಿನ್ ಮೆಕ್‌ಡೊವೆಲ್, ವಿಲ್ ಸ್ಟುವರ್ಟ್ ಜೈಲು ಸೇರಿದರು. 1892ರ ಮಾರ್ಚ್ 9ರ ನಸುಕಿನಲ್ಲಿ ಮುಸುಕುಧಾರಿಗಳ ಗುಂಪು ಮೂವರನ್ನೂ ಜೈಲಿನಿಂದ ಎಳೆದೊಯ್ದು ಗುಂಡಿಕ್ಕಿ ಕೊಂದಿತು. ಯಾರಿಗೂ ಶಿಕ್ಷೆಯಾಗಲಿಲ್ಲ.

ಅಮೆರಿಕದಲ್ಲಿ ಲಿಂಚಿಂಗ್ ಎಂದು ಕರೆಯುವ ಇಂಥ ಗುಂಪುಹತ್ಯೆಗಳು ಆಗ ದಕ್ಷಿಣದ ರಾಜ್ಯಗಳಲ್ಲಿ ಸಾಮಾನ್ಯವಾಗಿದ್ದವು. ಬಿಳಿಯ ಮಹಿಳೆಯರ ಮೇಲೆ ಅತ್ಯಾಚಾರ ಎಸಗಿದವರ ವಿರುದ್ಧ ಜನ ಕೆರಳುತ್ತಾರೆ, ಇದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ ಎಂಬ ಸಮರ್ಥನೆ ಎಲ್ಲೆಡೆ ಚಾಲ್ತಿಯಲ್ಲಿತ್ತು. ಅಲ್ಲಿಯವರೆಗೆ ಐಡಾ ಕೂಡ ಅದನ್ನು ಬಹುಮಟ್ಟಿಗೆ ನಂಬಿದ್ದರು. ಮುಂದೆ ತಮ್ಮ ಆತ್ಮಕಥೆಯಲ್ಲಿ ಅದನ್ನು ಮುಚ್ಚಿಡದೆ ಬರೆದಿದ್ದಾರೆ. ಆದರೆ ಮಾಸ್ ಮತ್ತು ಜೊತೆಗಾರರ ಮೇಲೆ ಅಂಥ ಆರೋಪವೇ ಇರಲಿಲ್ಲ. ಅವರು ಮಾಡಿದ್ದು ಒಳ್ಳೆಯ ವ್ಯಾಪಾರ.

ನ್ಯಾಯ ಸಿಗದ ಊರನ್ನು ಬಿಟ್ಟುಬಿಡಿ ಎಂದು ಐಡಾ ಪತ್ರಿಕೆಯಲ್ಲಿ ಕರೆ ಕೊಟ್ಟರು. ಸಾವಿರಾರು ಮಂದಿ ಗಂಟುಮೂಟೆ ಕಟ್ಟಿ ಪಶ್ಚಿಮದ ಒಕ್ಲಹೋಮ ಕಡೆಗೆ ಹೊರಟರು. ಉಳಿದವರು ಟ್ರಾಮ್ ಹತ್ತುವುದನ್ನೇ ಬಿಟ್ಟರು. ನಷ್ಟ ತಾಳಲಾರದೆ ಟ್ರಾಮ್ ಕಂಪನಿಯ ಅಧಿಕಾರಿಗಳು ಪತ್ರಿಕಾ ಕಚೇರಿಗೆ ಬಂದು ವಿನಂತಿಸಿಕೊಂಡರು.

ಇದರ ನಡುವೆಯೇ ಐಡಾ ಒಂದೊಂದು ಹತ್ಯೆಯನ್ನೂ ಬೆನ್ನಟ್ಟಿ ವಿವರ ಕಲೆಹಾಕತೊಡಗಿದರು. ಮೇ ತಿಂಗಳ ಸಂಪಾದಕೀಯದಲ್ಲಿ ಅತ್ಯಾಚಾರದ ನೆಪ ಹಳಸಲು ಸುಳ್ಳು ಎಂದು ಬರೆದರು. ಕೆಲವು ಪ್ರಕರಣಗಳಲ್ಲಿ ಇದ್ದದ್ದು ಪರಸ್ಪರ ಒಪ್ಪಿಗೆಯ ಸಂಬಂಧ ಎಂಬ ಸೂಚನೆಯೂ ಅದರಲ್ಲಿತ್ತು. ಕೆಲವೇ ದಿನಗಳಲ್ಲಿ ದೊಂಬಿ ಪತ್ರಿಕಾ ಕಚೇರಿಯನ್ನು ಧ್ವಂಸ ಮಾಡಿತು. ಆಗ ಊರಿನಲ್ಲಿ ಇಲ್ಲದಿದ್ದ ಐಡಾಗೆ, ಮರಳಿದರೆ ಜೀವ ಉಳಿಯದು ಎಂಬ ಸಂದೇಶ ತಲುಪಿತು. ಮುಂದಿನ ಸುಮಾರು 30 ವರ್ಷ ಅವರು ದಕ್ಷಿಣದ ಕಡೆ ಕಾಲಿಡಲಾಗಲಿಲ್ಲ. ಫ್ರೀ ಸ್ಪೀಚ್ ಪತ್ರಿಕೆಯ ಒಂದು ಪ್ರತಿಯೂ ಇಂದು ಉಳಿದಿಲ್ಲ.

ಎದುರಾಳಿಯ ಅಂಕಿಅಂಶವೇ ಅಸ್ತ್ರ

ನ್ಯೂಯಾರ್ಕ್‌ನಲ್ಲಿ ನೆಲೆಸಿದ ಐಡಾ 1892ರಲ್ಲಿ ಸದರ್ನ್ ಹಾರರ್ಸ್, 1895ರಲ್ಲಿ ಎ ರೆಡ್ ರೆಕಾರ್ಡ್ ಎಂಬ ಪುಸ್ತಿಕೆಗಳನ್ನು ಹೊರತಂದರು. ಅವರ ವಿಧಾನ ಸರಳ. ಬಿಳಿಯರ ಒಡೆತನದ ಚಿಕಾಗೋ ಟ್ರಿಬ್ಯೂನ್ ಪತ್ರಿಕೆ ಪ್ರತಿವರ್ಷ ಲಿಂಚಿಂಗ್‌ಗಳ ಪಟ್ಟಿ ಪ್ರಕಟಿಸುತ್ತಿತ್ತು. ಐಡಾ ಅದೇ ಪಟ್ಟಿಯನ್ನು ಬಳಸಿದರು. ತಮ್ಮ ಜನರ ಮಾತನ್ನು ಉತ್ಪ್ರೇಕ್ಷೆ ಎಂದು ತಳ್ಳಿಹಾಕಬಹುದು, ಬಿಳಿಯರ ಪತ್ರಿಕೆಯ ಲೆಕ್ಕವನ್ನು ಹಾಗೆ ತಳ್ಳಿಹಾಕಲಾಗದು ಎಂಬುದು ಅವರಿಗೆ ಗೊತ್ತಿತ್ತು.

ಆ ಲೆಕ್ಕದಂತೆ 1892 ಒಂದೇ ವರ್ಷದಲ್ಲಿ 241 ಮಂದಿ ಗುಂಪಿಗೆ ಬಲಿಯಾಗಿದ್ದರು. ಅವರಲ್ಲಿ 160 ಮಂದಿ ಕಪ್ಪುವರ್ಣೀಯರು. ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಕೊಲೆಯಾದ 728 ಕಪ್ಪುವರ್ಣೀಯರಲ್ಲಿ ಅತ್ಯಾಚಾರದ ಆರೋಪ ಇದ್ದದ್ದು ಮೂರನೇ ಒಂದು ಭಾಗದವರ ಮೇಲೆ ಮಾತ್ರ. ಅದೂ ಬರಿಯ ಆರೋಪ, ವಿಚಾರಣೆ ನಡೆದಿರಲಿಲ್ಲ. ಉಳಿದವರು ಕೊಲೆ, ಕಳ್ಳತನ, ಬೆಂಕಿ ಹಚ್ಚಿದ ಶಂಕೆಯಿಂದ ಹಿಡಿದು ಬಿಳಿಯರಿಗೆ ಎದುರು ಮಾತನಾಡಿದ್ದರವರೆಗೆ ನಾನಾ ಕಾರಣಗಳಿಗೆ ಸತ್ತಿದ್ದರು. ಬಿಡಿ ಬಿಡಿಯಾಗಿ ನೋಡಿದಾಗ ಒಂದೊಂದೂ ಸ್ಥಳೀಯ ಅಪರಾಧ ಸುದ್ದಿ. ಒಟ್ಟಾಗಿ ಪಟ್ಟಿ ಮಾಡಿದಾಗ, ಕಪ್ಪುವರ್ಣೀಯರನ್ನು ಹದ್ದುಬಸ್ತಿನಲ್ಲಿಡುವ ಒಂದು ವ್ಯವಸ್ಥೆ ಕಣ್ಣಿಗೆ ಬೀಳುತ್ತಿತ್ತು.

1893 ಮತ್ತು 1894ರಲ್ಲಿ ಅವರು ಬ್ರಿಟನ್‌ನಲ್ಲಿ ಉಪನ್ಯಾಸ ಪ್ರವಾಸ ಮಾಡಿದರು. ಅವರನ್ನು ಕರೆಸಿದವರಲ್ಲಿ ಕ್ಯಾಥರಿನ್ ಇಂಪಿ ಒಬ್ಬರು. ಭಾರತೀಯ ಓದುಗರಿಗೆ ಕುತೂಹಲ ಎನಿಸುವ ಸಂಗತಿ ಇಲ್ಲಿದೆ: ವರ್ಣಭೇದದ ವಿರುದ್ಧ ಇಂಪಿ ನಡೆಸುತ್ತಿದ್ದ ಪತ್ರಿಕೆಯ ಹೆಸರು ಆಂಟಿ-ಕಾಸ್ಟ್, ಅಂದರೆ ಜಾತಿ ವಿರೋಧಿ. ಬಣ್ಣದ ತಾರತಮ್ಯವನ್ನು ವಿವರಿಸಲು ಆಗಲೇ ಜಾತಿ ಎಂಬ ಪದ ಬಳಕೆಗೆ ಬಂದಿತ್ತು.

ಹೊರದೇಶದಲ್ಲಿ ಮಾತನಾಡಿದ್ದಕ್ಕೆ ತವರಿನಲ್ಲಿ ಬೈಗುಳವೇ ಸಿಕ್ಕಿತು. 1894ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅವರನ್ನು ಕೊಳಕು ಮನಸ್ಸಿನ ಅಪಪ್ರಚಾರಕಿ ಎಂಬರ್ಥದಲ್ಲಿ ಜರೆಯಿತು. ಅದೇ ಪತ್ರಿಕೆ 2018ರಲ್ಲಿ, ಅವರು ತೀರಿಕೊಂಡು 87 ವರ್ಷಗಳ ನಂತರ, ತಾನು ಹಿಂದೆ ಕಡೆಗಣಿಸಿದ್ದ ಮಹಿಳೆಯರ ಸಾಲಿನಲ್ಲಿ ಅವರ ನಿಧನ ಬರಹವನ್ನು ಪ್ರಕಟಿಸಿತು.

ತಮ್ಮವರೊಂದಿಗೂ ಜಗಳ

1895ರಲ್ಲಿ ಐಡಾ ವಕೀಲ, ಪತ್ರಿಕಾ ಸಂಪಾದಕ ಫರ್ಡಿನಾಂಡ್ ಬಾರ್ನೆಟ್ ಅವರನ್ನು ಮದುವೆಯಾಗಿ ಚಿಕಾಗೋದಲ್ಲಿ ನೆಲೆಸಿದರು. ನಾಲ್ಕು ಮಕ್ಕಳ ತಾಯಿಯಾದರೂ ಹೋರಾಟ ನಿಲ್ಲಿಸಲಿಲ್ಲ.

ವರ್ಣಭೇದದ ಪ್ರಶ್ನೆಯಲ್ಲಿ ಕಪ್ಪು ನಾಯಕರಲ್ಲೂ ಒಮ್ಮತವಿರಲಿಲ್ಲ. ದುಡಿದು, ಆಸ್ತಿ ಮಾಡಿ, ಕಸುಬು ಕಲಿತರೆ ಗೌರವ ತಾನಾಗಿಯೇ ಬರುತ್ತದೆ ಎಂಬುದು ಬೂಕರ್ ಟಿ. ವಾಷಿಂಗ್ಟನ್ ಅವರ ನಿಲುವು. ಆದರೆ ಥಾಮಸ್ ಮಾಸ್ ದುಡಿದು ಮೇಲೆ ಬಂದದ್ದಕ್ಕೇ ಸತ್ತಿದ್ದನ್ನು ಕಂಡಿದ್ದ ಐಡಾ ಅದನ್ನು ಒಪ್ಪಲಿಲ್ಲ. 1909ರಲ್ಲಿ ಎನ್‌ಎಎಸಿಪಿ ಎಂಬ ಹಕ್ಕುಗಳ ಸಂಘಟನೆ ರೂಪುಗೊಂಡಾಗ ಅದರ ಸ್ಥಾಪಕ ಸಮಿತಿಯ ಪಟ್ಟಿಯಲ್ಲಿ ಮೊದಲಿಗೆ ಅವರ ಹೆಸರೇ ಇರಲಿಲ್ಲ, ಪ್ರತಿಭಟಿಸಿದ ಮೇಲೆ ಸೇರಿತು. 1913ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಮಹಿಳಾ ಮತದಾನ ಹಕ್ಕಿನ ಮೆರವಣಿಗೆಯಲ್ಲಿ ಕಪ್ಪು ಮಹಿಳೆಯರು ಹಿಂದೆ ನಡೆಯಲಿ ಎಂದಾಗ, ಐಡಾ ಜನಸಂದಣಿಯಿಂದ ಹೊರಬಂದು ಇಲಿನಾಯ್ ರಾಜ್ಯದ ಬಿಳಿಯ ಮಹಿಳೆಯರ ಸಾಲಿನಲ್ಲೇ ಹೆಜ್ಜೆ ಹಾಕಿದರು.

ಬದಲಾವಣೆ ಸಾಧ್ಯವೇ ಇಲ್ಲ ಎಂದು ಅವರು ಕೈಚೆಲ್ಲಿದವರೂ ಅಲ್ಲ. ಕೈದಿಯನ್ನು ಗುಂಪಿನಿಂದ ಕಾಪಾಡದ ಶೆರಿಫ್ ಹುದ್ದೆ ಕಳೆದುಕೊಳ್ಳಬೇಕು ಎಂಬ ಕಾನೂನು ಇಲಿನಾಯ್‌ನಲ್ಲಿತ್ತು. 1909ರಲ್ಲಿ ಕೈರೋ ಎಂಬ ಪಟ್ಟಣದಲ್ಲಿ ಲಿಂಚಿಂಗ್ ನಡೆದಾಗ ಅಲ್ಲಿನ ಶೆರಿಫ್ ಮತ್ತೆ ಹುದ್ದೆಗೇರಲು ಅರ್ಜಿ ಹಾಕಿದ. ಐಡಾ ಸ್ಥಳಕ್ಕೆ ಹೋಗಿ ಸಾಕ್ಷ್ಯ ಕಲೆಹಾಕಿ ರಾಜ್ಯಪಾಲರ ಮುಂದೆ ವಾದಿಸಿದರು. ಶೆರಿಫ್‌ಗೆ ಹುದ್ದೆ ಸಿಗಲಿಲ್ಲ. ಕಾನೂನು ಇದ್ದು, ಅದನ್ನು ಜಾರಿಗೊಳಿಸುವ ಮನಸ್ಸೂ ಇದ್ದರೆ ಸ್ಥಿತಿ ಬದಲಾಗುತ್ತದೆ ಎಂಬುದಕ್ಕೆ ಅವರಿಗೆ ಸಿಕ್ಕ ಉದಾಹರಣೆ ಅದು.

ಆದರೆ ಇಡೀ ದೇಶಕ್ಕೆ ಅನ್ವಯಿಸುವ ಲಿಂಚಿಂಗ್ ವಿರೋಧಿ ಕಾನೂನನ್ನು ಅವರು ನೋಡಲಿಲ್ಲ. 1922ರಲ್ಲಿ ಪ್ರತಿನಿಧಿ ಸಭೆ ಅಂಥ ಮಸೂದೆಯನ್ನು ಅಂಗೀಕರಿಸಿದರೂ ಸೆನೆಟ್‌ನಲ್ಲಿ ದಕ್ಷಿಣದ ಸದಸ್ಯರು ಅದನ್ನು ತಡೆದರು. 1930ರಲ್ಲಿ ಐಡಾ ಇಲಿನಾಯ್ ರಾಜ್ಯ ಸೆನೆಟ್‌ಗೆ ಸ್ಪರ್ಧಿಸಿ ಸೋತರು. 1931ರ ಮಾರ್ಚ್ 25ರಂದು, 68ನೇ ವಯಸ್ಸಿನಲ್ಲಿ ನಿಧನರಾದರು. ಬರೆಯುತ್ತಿದ್ದ ಆತ್ಮಕಥೆ ವಾಕ್ಯದ ನಡುವೆಯೇ ನಿಂತಿತ್ತು. ಮಗಳು ಆಲ್ಫ್ರೆಡಾ ಸಂಪಾದಿಸಿದ ಆ ಪುಸ್ತಕ ಪ್ರಕಟವಾದದ್ದು 1970ರಲ್ಲಿ.

ತಡವಾಗಿ ಬಂದ ಮನ್ನಣೆ

2020ರಲ್ಲಿ ಐಡಾ ಅವರಿಗೆ ಮರಣೋತ್ತರವಾಗಿ ಪುಲಿಟ್ಜರ್ ವಿಶೇಷ ಗೌರವ ಸಂದಿತು. ಒಂದು ಶತಮಾನಕ್ಕೂ ಹೆಚ್ಚು ಕಾಲ ಮತ್ತೆ ಮತ್ತೆ ಬಿದ್ದುಹೋದ ಲಿಂಚಿಂಗ್ ವಿರೋಧಿ ಮಸೂದೆ 2022ರ ಮಾರ್ಚ್‌ನಲ್ಲಿ ಕಾನೂನಾಯಿತು.

ಅದಕ್ಕೂ ಮುನ್ನ 2021ರಲ್ಲಿ, ಅವರನ್ನು ಓಡಿಸಿದ್ದ ಟೆನ್ನೆಸಿಯಲ್ಲಿ ಎರಡು ಘಟನೆಗಳು ಹತ್ತಿರ ಹತ್ತಿರ ನಡೆದವು. ಮೇ ತಿಂಗಳಲ್ಲಿ, ಅಮೆರಿಕ ಮೂಲತಃ ಅಥವಾ ಸರಿಪಡಿಸಲಾಗದಷ್ಟು ವರ್ಣಭೇದದ ದೇಶ ಎಂಬ ಪರಿಕಲ್ಪನೆಯನ್ನು ಸರ್ಕಾರಿ ಶಾಲೆಗಳ ಪಾಠದಲ್ಲಿ ಸೇರಿಸಬಾರದು ಎಂಬ ಕಾನೂನಿಗೆ ರಾಜ್ಯಪಾಲರು ಸಹಿ ಹಾಕಿದರು. ಇತಿಹಾಸ ಕಲಿಸಲು ಅಡ್ಡಿಯಿಲ್ಲ, ಮಕ್ಕಳ ಮೇಲೆ ಅಪರಾಧ ಪ್ರಜ್ಞೆ ಹೇರಬಾರದು ಅಷ್ಟೇ ಎನ್ನುತ್ತಾರೆ ಬೆಂಬಲಿಗರು. ಶಿಕ್ಷಕರು ಹೆದರಿ ಕಹಿ ಇತಿಹಾಸವನ್ನೇ ಕೈಬಿಡುತ್ತಾರೆ ಎನ್ನುತ್ತಾರೆ ವಿರೋಧಿಗಳು. ಎರಡು ತಿಂಗಳ ನಂತರ, ಜುಲೈ 16ರಂದು, ಮೆಂಫಿಸ್‌ನ ಬೀಲ್ ಸ್ಟ್ರೀಟ್‌ನಲ್ಲಿ ಐಡಾ ಅವರ ಪ್ರತಿಮೆ ಅನಾವರಣಗೊಂಡಿತು.

ಗುಲಾಮಳಾಗಿ ಹುಟ್ಟಿದವರ ಪ್ರತಿಮೆ ಅದೇ ಊರಿನಲ್ಲಿ ನಿಂತಿರುವುದು ಅಮೆರಿಕ ಬದಲಾಗಿದೆ ಎಂಬುದಕ್ಕೆ ಪುರಾವೆ, ಇದನ್ನು ಯಾರೂ ಅಲ್ಲಗಳೆಯಲಾಗದು. ಬದಲಾವಣೆ ಎಷ್ಟು, ಇನ್ನೂ ಉಳಿದದ್ದೆಷ್ಟು ಎಂಬುದು ಬೇರೆ ಪ್ರಶ್ನೆ. 1887ರ ನ್ಯಾಯಾಲಯದಂತೆ ದೂರಿದವರ ಉದ್ದೇಶವನ್ನು ಶಂಕಿಸಿ ಅದಕ್ಕೆ ಉತ್ತರ ಹೇಳಬಹುದು, ದೇಶ ಒಳ್ಳೆಯದೋ ಕೆಟ್ಟದ್ದೋ ಎಂದು ಘೋಷಿಸಿಯೂ ಹೇಳಬಹುದು. ಐಡಾ ಹಿಡಿದ ದಾರಿ ಮೂರನೆಯದು. ಎಲ್ಲಿ, ಯಾವಾಗ, ಎಷ್ಟು ಮಂದಿ, ಯಾವ ಆರೋಪಕ್ಕೆ, ಶಿಕ್ಷೆ ಯಾರಿಗಾಯಿತು ಎಂದು ಅವರು ಕೇಳುತ್ತಿದ್ದರು. ಸಿಕ್ಕ ಉತ್ತರವನ್ನು ಹೆಸರು, ದಿನಾಂಕ ಸಮೇತ ಅಚ್ಚು ಹಾಕುತ್ತಿದ್ದರು.