ಕೊಕೇನ್ ಬಿಡಿಸಲು ಹೋಗಿ ಮಾರ್ಫಿನ್ ಅಂಟಿತು: ಜಗದ್ವಿಖ್ಯಾತ ಸರ್ಜನ್ ಡಾ. ಹಾಲ್‌ಸ್ಟೆಡ್ ಬದುಕಿನ ಗುಟ್ಟು

ಇಂದು ಯಾವ ಆಸ್ಪತ್ರೆಯ ಆಪರೇಷನ್ ಥಿಯೇಟರ್‌ನಲ್ಲೇ ಆಗಲಿ, ವೈದ್ಯರು ರಬ್ಬರ್ ಗ್ಲೌಸ್ ಹಾಕಿಕೊಂಡೇ ಕತ್ತರಿ ಹಿಡಿಯುತ್ತಾರೆ. ಹಲ್ಲು ಕೀಳುವ ಮುನ್ನ ದಂತವೈದ್ಯರು ದವಡೆಗೊಂದು ಚುಚ್ಚುಮದ್ದು ಕೊಟ್ಟು ಜೋಮು ಹಿಡಿಸುತ್ತಾರೆ. ಸರ್ಜನ್ ಆಗಬೇಕೆನ್ನುವ ಯುವ ವೈದ್ಯರು ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ರೆಸಿಡೆಂಟ್ ಆಗಿ ದುಡಿಯುತ್ತಾರೆ. ಈ ಮೂರೂ ರೂಢಿಗಳ ಹಿಂದೆ ಒಬ್ಬರ ಹೆಸರಿದೆ. ಅವರೇ ಅಮೆರಿಕದ ಡಾ. ವಿಲಿಯಂ ಸ್ಟೀವರ್ಟ್ ಹಾಲ್‌ಸ್ಟೆಡ್.

ಅಮೆರಿಕದ ಆಧುನಿಕ ಶಸ್ತ್ರಚಿಕಿತ್ಸೆಯ ಪಿತಾಮಹ ಎಂದೇ ಕರೆಸಿಕೊಂಡ ಈ ವೈದ್ಯರ ಬದುಕಿಗೆ ಇನ್ನೊಂದು ಮುಖವೂ ಇತ್ತು. ಮೊದಲು ಕೊಕೇನ್, ಆಮೇಲೆ ಮಾರ್ಫಿನ್. ಒಂದು ಚಟ ಅವರ ವೃತ್ತಿಯನ್ನು ಒಂದೂವರೆ ವರ್ಷದೊಳಗೆ ನೆಲಕಚ್ಚಿಸಿತು. ಇನ್ನೊಂದು ಹಲವು ವರ್ಷಗಳ ಕಾಲ ಯಾರ ಕಣ್ಣಿಗೂ ಬೀಳದಂತೆ ಜೊತೆಗಿತ್ತು. ಮಾದಕ ವಸ್ತುಗಳೆಲ್ಲ ಒಂದೇ ರೀತಿ ಅಲ್ಲ ಎಂಬುದಕ್ಕೆ ಒಬ್ಬರದೇ ಬದುಕಿನಲ್ಲಿ ಇಷ್ಟು ಸ್ಪಷ್ಟ ಉದಾಹರಣೆ ಸಿಗುವುದು ಅಪರೂಪ.

ಶ್ರೀಮಂತ ಮನೆಯ ಆಟಗಾರ ಹುಡುಗ

ಹಾಲ್‌ಸ್ಟೆಡ್ ಹುಟ್ಟಿದ್ದು 1852ರ ಸೆಪ್ಟೆಂಬರ್ 23ರಂದು, ನ್ಯೂಯಾರ್ಕ್‌ನ ಶ್ರೀಮಂತ ವ್ಯಾಪಾರಿ ಕುಟುಂಬದಲ್ಲಿ. ಯೇಲ್‌ನಲ್ಲಿ ಓದುವಾಗ ಪುಸ್ತಕಕ್ಕಿಂತ ಫುಟ್‌ಬಾಲ್ ಮೇಲೆಯೇ ಹೆಚ್ಚು ಪ್ರೀತಿ. ತಂಡದ ನಾಯಕನೂ ಆಗಿದ್ದರು. ಕೊನೆಯ ವರ್ಷದಲ್ಲಿ ಅಂಗರಚನಾ ಶಾಸ್ತ್ರದ ಪುಸ್ತಕಗಳು ಕೈಗೆ ಸಿಕ್ಕಿ ವೈದ್ಯಕೀಯದ ಕಡೆ ಮನಸ್ಸು ತಿರುಗಿತು. 1877ರಲ್ಲಿ ನ್ಯೂಯಾರ್ಕ್‌ನಲ್ಲಿ ವೈದ್ಯ ಪದವಿ ಪಡೆದು, 1878ರಿಂದ ಎರಡು ವರ್ಷ ವಿಯೆನ್ನಾ ಸೇರಿದಂತೆ ಯುರೋಪಿನ ಹಲವು ನಗರಗಳಲ್ಲಿ ಆ ಕಾಲದ ಘಟಾನುಘಟಿ ಸರ್ಜನ್‌ಗಳ ಕೆಲಸ ನೋಡಿ ಕಲಿತರು.

1880ರಲ್ಲಿ ಊರಿಗೆ ಮರಳಿದವರು ಬಿಡುವಿಲ್ಲದ ಸರ್ಜನ್. ಹಗಲು ರಾತ್ರಿ ಎನ್ನದೆ ಹಲವು ಆಸ್ಪತ್ರೆಗಳಲ್ಲಿ ಕೆಲಸ. ಧೈರ್ಯಕ್ಕಂತೂ ಕೊರತೆಯೇ ಇರಲಿಲ್ಲ. 1881ರಲ್ಲಿ ಅವರ ಸಹೋದರಿ ಹೆರಿಗೆಯ ನಂತರದ ರಕ್ತಸ್ರಾವದಿಂದ ಸಾವಿನಂಚಿಗೆ ತಲುಪಿದ್ದರು. ಹಾಲ್‌ಸ್ಟೆಡ್ ತಮ್ಮದೇ ರಕ್ತವನ್ನು ಸಿರಿಂಜಿನಲ್ಲಿ ತೆಗೆದು ಆಕೆಗೆ ಕೊಟ್ಟರು. ರಕ್ತದ ಗುಂಪುಗಳ ವಿಷಯ ಜಗತ್ತಿಗೆ ತಿಳಿಯಲು ಇನ್ನೂ ಸುಮಾರು 20 ವರ್ಷ ಇತ್ತು. ಅದೃಷ್ಟವಶಾತ್ ರಕ್ತ ಹೊಂದಿಕೊಂಡು ಸಹೋದರಿ ಉಳಿದರು. ಮರುವರ್ಷ ತಾಯಿಗೆ ಪಿತ್ತಕೋಶದ ಕಲ್ಲಿನಿಂದ ಪ್ರಾಣಾಪಾಯ ಬಂದಾಗ, ನಡುರಾತ್ರಿ ಕಳೆದ ಮೇಲೆ ಅಡುಗೆಮನೆಯ ಮೇಜಿನ ಮೇಲೆಯೇ ಶಸ್ತ್ರಚಿಕಿತ್ಸೆ ಮಾಡಿ ಉಳಿಸಿಕೊಂಡರು.

ಯಾವುದೇ ಪ್ರಯೋಗವನ್ನು ಮೊದಲು ತನ್ನ ಮೇಲೆಯೇ ಮಾಡಿಕೊಳ್ಳಲು ಹಿಂಜರಿಯದ ಈ ಸ್ವಭಾವವೇ ಮುಂದೆ ಮುಳುವಾಯಿತು.

ಪ್ರಯೋಗವೇ ಚಟವಾಯಿತು

1884ರ ಸೆಪ್ಟೆಂಬರ್‌ನಲ್ಲಿ ಯುರೋಪಿನಿಂದ ಒಂದು ಸುದ್ದಿ ಬಂತು. ವಿಯೆನ್ನಾದ ಯುವ ವೈದ್ಯ ಕಾರ್ಲ್ ಕೊಲ್ಲರ್, ಕೊಕೇನ್ ದ್ರಾವಣದ ಹನಿ ಹಾಕಿದರೆ ಕಣ್ಣು ಮರಗಟ್ಟುತ್ತದೆ, ರೋಗಿ ಎಚ್ಚರವಿರುವಾಗಲೇ ನೋವಿಲ್ಲದೆ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಬಹುದು ಎಂದು ತೋರಿಸಿದ್ದರು. ಕೊಲ್ಲರ್ ಅವರ ಸಹೋದ್ಯೋಗಿಯಾಗಿದ್ದ ಸಿಗ್ಮಂಡ್ ಫ್ರಾಯ್ಡ್ ಅದೇ ವರ್ಷ ಕೊಕೇನ್ ಅನ್ನು ಹೊಗಳಿ ಲೇಖನವನ್ನೇ ಬರೆದಿದ್ದರು. ಆಗ ಕೊಕೇನ್ ಕಾನೂನುಬಾಹಿರವಲ್ಲ. ಔಷಧ ಅಂಗಡಿಯಲ್ಲೇ ಸಿಗುತ್ತಿತ್ತು. ಅದು ಚಟ ಹಿಡಿಸುತ್ತದೆ ಎಂಬ ಎಚ್ಚರ ವೈದ್ಯರಲ್ಲೂ ಹೆಚ್ಚಿರಲಿಲ್ಲ.

ಕಣ್ಣಿಗೆ ಹನಿ ಹಾಕುವ ಬದಲು ನರದ ಬುಡಕ್ಕೇ ಚುಚ್ಚಿದರೆ? ಈ ಪ್ರಶ್ನೆ ಹಿಡಿದು ಹಾಲ್‌ಸ್ಟೆಡ್, ಸಹೋದ್ಯೋಗಿ ರಿಚರ್ಡ್ ಹಾಲ್ ಮತ್ತು ಇತರ ಕೆಲವರು ಪ್ರಯೋಗಕ್ಕೆ ಇಳಿದರು. ಪ್ರಯೋಗ ಯಾರ ಮೇಲೆ? ತಮ್ಮ ತಮ್ಮ ಮೇಲೆಯೇ! ಅದೇ ವರ್ಷದ ಕೊನೆಯ ಹೊತ್ತಿಗೆ ಫಲಿತಾಂಶ ಕೈಯಲ್ಲಿತ್ತು. ದವಡೆಯ ನರಕ್ಕೆ ಕೊಕೇನ್ ಚುಚ್ಚಿದರೆ ಆ ಭಾಗವಷ್ಟೇ ಮರಗಟ್ಟುತ್ತಿತ್ತು. ನರ್ವ್ ಬ್ಲಾಕ್ ಎಂಬ ವಿಧಾನ ಹುಟ್ಟಿದ್ದು ಹೀಗೆ. ಇಂದಿನ ದಂತವೈದ್ಯರು ಕೊಕೇನ್ ಬಳಸುವುದಿಲ್ಲ, ಲಿಗ್ನೋಕೇನ್‌ನಂತಹ ಚಟ ಹಿಡಿಸದ ಔಷಧ ಬಳಸುತ್ತಾರೆ. ಆದರೆ ವಿಧಾನ ಅದೇ.

ಇದಕ್ಕೆ ತೆತ್ತ ಬೆಲೆ ಮಾತ್ರ ದೊಡ್ಡದು. ಕೆಲವೇ ತಿಂಗಳಲ್ಲಿ ಪ್ರಯೋಗದಲ್ಲಿದ್ದವರಲ್ಲಿ ಹಲವರಿಗೆ ಕೊಕೇನ್ ಇಲ್ಲದೆ ದಿನ ಕಳೆಯುವುದೇ ಕಷ್ಟವಾಯಿತು. 1885ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಮೆಡಿಕಲ್ ಜರ್ನಲ್‌ನಲ್ಲಿ ಕೊಕೇನ್ ಕುರಿತು ಹಾಲ್‌ಸ್ಟೆಡ್ ಬರೆದ ಲೇಖನ ಪ್ರಕಟವಾಯಿತು. ಅದರ ಮೊದಲ ವಾಕ್ಯಕ್ಕೇ ತಲೆಬುಡವಿಲ್ಲ. ಬರೆದವರ ಸ್ಥಿತಿ ಏನಾಗಿತ್ತು ಎಂಬುದಕ್ಕೆ ವೈದ್ಯಕೀಯ ಇತಿಹಾಸಕಾರರು ಇಂದಿಗೂ ಆ ಲೇಖನವನ್ನೇ ತೋರಿಸುತ್ತಾರೆ. ರಿಚರ್ಡ್ ಹಾಲ್ ಮತ್ತು ಇನ್ನಿಬ್ಬರು ಸಹಾಯಕರು ಈ ಚಟದಿಂದ ಹೊರಬರದೆಯೇ ತೀರಿಕೊಂಡರು ಎಂದು ಹಾಲ್‌ಸ್ಟೆಡ್ ಅವರೇ 1918ರಲ್ಲಿ ಪತ್ರವೊಂದರಲ್ಲಿ ಒಪ್ಪಿಕೊಂಡಿದ್ದಾರೆ.

ಒಂದರ ಜಾಗಕ್ಕೆ ಇನ್ನೊಂದು

ಹಾಲ್‌ಸ್ಟೆಡ್ ಉಳಿದದ್ದು ಗೆಳೆಯರಿಂದ. ಮುಖ್ಯವಾಗಿ ರೋಗಶಾಸ್ತ್ರಜ್ಞ ವಿಲಿಯಂ ವೆಲ್ಚ್. 1886ರ ಆರಂಭದಲ್ಲಿ ಹಾಲ್‌ಸ್ಟೆಡ್ ಅವರನ್ನು ಕೆರಿಬಿಯನ್ ದ್ವೀಪಗಳ ಕಡೆಗೆ ಹಾಯಿಹಡಗಿನಲ್ಲಿ ಪ್ರವಾಸಕ್ಕೆ ಕಳುಹಿಸಲಾಯಿತು. ಸಮುದ್ರದ ನಡುವೆ ಕೊಕೇನ್ ಸಿಗದು, ಹಂತಹಂತವಾಗಿ ಚಟ ಬಿಡಿಸಬಹುದು ಎಂಬುದು ಲೆಕ್ಕಾಚಾರ. ಆದರೆ ತಂದಿದ್ದ ಕೊಕೇನ್ ಮುಗಿದಾಗ ಅವರು ಹಡಗಿನ ಕ್ಯಾಪ್ಟನ್‌ನ ಔಷಧ ಪೆಟ್ಟಿಗೆಯನ್ನೇ ಒಡೆದರು ಎನ್ನುತ್ತವೆ ಜೀವನಚರಿತ್ರೆಗಳು.

ಅದೇ ವರ್ಷ ರೋಡ್ ಐಲ್ಯಾಂಡ್‌ನ ಬಟ್ಲರ್ ಆಸ್ಪತ್ರೆಗೆ ದಾಖಲಾದರು. ಅಲ್ಲಿ ಏಳು ತಿಂಗಳು. ಕೊಕೇನ್ ನಿಲ್ಲಿಸಿದಾಗ ಬರುವ ಚಡಪಡಿಕೆ, ನಿದ್ದೆಗೇಡಿಗೆ ಮಾರ್ಫಿನ್ ಕೊಡುವುದು ಆ ಕಾಲದ ಪದ್ಧತಿ. ಹಾಲ್‌ಸ್ಟೆಡ್ ಹೊರಬಂದಾಗ ಕೊಕೇನ್ ಹಿಡಿತ ಸಡಿಲವಾಗಿತ್ತು. ಆದರೆ ಮಾರ್ಫಿನ್ ಅಂಟಿಕೊಂಡಿತ್ತು. ವೆಲ್ಚ್ ಅವರನ್ನು ಬಾಲ್ಟಿಮೋರ್‌ನ ತಮ್ಮ ಪ್ರಯೋಗಾಲಯಕ್ಕೆ ಕರೆಸಿಕೊಂಡರು. 1887ರಲ್ಲಿ ಮತ್ತೆ ಬಟ್ಲರ್ ಆಸ್ಪತ್ರೆ ಸೇರಬೇಕಾಯಿತು. ನ್ಯೂಯಾರ್ಕ್‌ನ ವೃತ್ತಿ ಜೀವನ ಮುಗಿದಿತ್ತು. ವಯಸ್ಸು ಆಗ ಕೇವಲ 35.

ಕೊಕೇನ್ ಮತ್ತು ಮಾರ್ಫಿನ್: ವ್ಯತ್ಯಾಸವೇನು?

ಕೊಕೇನ್ ಉತ್ತೇಜಕ. ಮಿದುಳಿನಲ್ಲಿ ಖುಷಿ, ಹುಮ್ಮಸ್ಸಿಗೆ ಸಂಬಂಧಿಸಿದ ಡೋಪಮಿನ್ ಎಂಬ ರಾಸಾಯನಿಕವನ್ನು ನರಕೋಶಗಳು ವಾಪಸ್ ಹೀರಿಕೊಳ್ಳದಂತೆ ಅದು ತಡೆಯುತ್ತದೆ. ಚುಚ್ಚಿಕೊಂಡರೆ ಕ್ಷಣಗಳಲ್ಲೇ ಅಮಲು ಏರುತ್ತದೆ, ಬೇಗನೆ ಇಳಿಯುತ್ತದೆ. ಇಳಿದಾಗ ಕುಸಿದಂತಹ ಭಾವನೆ. ಹಾಗಾಗಿ ಮತ್ತೆ ಮತ್ತೆ ಬೇಕು. ನಿದ್ದೆ, ಊಟ, ಕೆಲಸ ಎಲ್ಲವೂ ಹದಗೆಡುತ್ತವೆ. ಹೃದಯಕ್ಕೂ ಅಪಾಯ.

ಮಾರ್ಫಿನ್ ಅಫೀಮಿನಿಂದ ಬಂದದ್ದು, ಓಪಿಯಾಯ್ಡ್ ಗುಂಪಿನದು. ಮಿದುಳಿನ ಓಪಿಯಾಯ್ಡ್ ಗ್ರಾಹಕಗಳಿಗೆ ಅಂಟಿಕೊಂಡು ನೋವನ್ನೂ ಆತಂಕವನ್ನೂ ತಣಿಸುತ್ತದೆ. ದಿನ ಕಳೆದಂತೆ ದೇಹ ಅದಕ್ಕೆ ಒಗ್ಗಿಕೊಂಡು, ಅದೇ ಪರಿಣಾಮಕ್ಕೆ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಒಗ್ಗಿಕೊಂಡ ವ್ಯಕ್ತಿಗೆ ಹೊತ್ತಿಗೆ ಸರಿಯಾಗಿ ಅಳತೆಯ ಮದ್ದು ಸಿಗುತ್ತಿದ್ದರೆ ಹೊರಗಿನವರಿಗೆ ಏನೂ ಗೊತ್ತಾಗದಿರಬಹುದು. ತಪ್ಪಿದರೆ ಮಾತ್ರ ಚಳಿನಡುಕ, ಬೆವರು, ಮೈಕೈ ನೋವು, ಭೇದಿ. ಪ್ರಮಾಣ ಮೀರಿದರೆ ಉಸಿರೇ ನಿಲ್ಲುತ್ತದೆ.

ಹಾಗಾದರೆ ಯಾವುದು ಹೆಚ್ಚು ಚಟ ಹಿಡಿಸುತ್ತದೆ? ಅಮೆರಿಕದ ರಾಷ್ಟ್ರೀಯ ಸಮೀಕ್ಷೆ ಆಧರಿಸಿ 1994ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಮ್ಮೆಯಾದರೂ ಬಳಸಿದವರಲ್ಲಿ ಎಷ್ಟು ಮಂದಿ ಅವಲಂಬಿತರಾದರು ಎಂದು ಲೆಕ್ಕ ಹಾಕಿತ್ತು. ತಂಬಾಕು ಸುಮಾರು 32%, ಹೆರಾಯಿನ್ 23%, ಕೊಕೇನ್ 17%, ಮದ್ಯ 15%, ಗಾಂಜಾ 9%. ಪಟ್ಟಿಯ ತುದಿಯಲ್ಲಿ ಇರುವುದು ಅಂಗಡಿಯಲ್ಲಿ ಸಲೀಸಾಗಿ ಸಿಗುವ ತಂಬಾಕು ಎಂಬುದನ್ನು ಗಮನಿಸಬೇಕು. ದೇಹಕ್ಕೆ ಹೋದ ಮೇಲೆ ಹೆರಾಯಿನ್ ಮಾರ್ಫಿನ್ ಆಗಿಯೇ ಬದಲಾಗುತ್ತದೆ. ವಸ್ತು ಯಾವುದು ಎಂಬುದರಷ್ಟೇ, ಅದು ಮಿದುಳನ್ನು ಎಷ್ಟು ಬೇಗ ತಲುಪುತ್ತದೆ ಎಂಬುದೂ ಮುಖ್ಯ. ಜಗಿದದ್ದಕ್ಕಿಂತ ಚುಚ್ಚಿಕೊಂಡದ್ದು, ಹೊಗೆಯಾಗಿ ಸೇದಿದ್ದು ಬೇಗ ಹಿಡಿಯುತ್ತದೆ. ಹಾಲ್‌ಸ್ಟೆಡ್ ಕೈಯಲ್ಲಿ ಇದ್ದದ್ದು ಸೂಜಿ.

ಗ್ಲೌಸ್, ಕೀರ್ತಿ ಮತ್ತು ಮೌನ

1889ರಲ್ಲಿ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಆರಂಭವಾಯಿತು. ವೆಲ್ಚ್ ಬೆಂಬಲದಿಂದ ಹಾಲ್‌ಸ್ಟೆಡ್‌ಗೆ ಅಲ್ಲಿ ಕೆಲಸ ಸಿಕ್ಕಿತು. 1890ರಲ್ಲಿ ಮುಖ್ಯ ಸರ್ಜನ್, 1892ರಲ್ಲಿ ಪ್ರೊಫೆಸರ್.

ಅಲ್ಲಿ ನೋಡಿದವರಿಗೆ ಇವರು ಬೇರೆಯೇ ವ್ಯಕ್ತಿ ಅನ್ನಿಸುತ್ತಿತ್ತು. ನ್ಯೂಯಾರ್ಕ್‌ನಲ್ಲಿ ಮಿಂಚಿನಂತಿದ್ದವರು ಈಗ ನಿಧಾನ, ಮಿತಭಾಷಿ, ಒಂಟಿ. ಆದರೆ ಆ ನಿಧಾನದಿಂದಲೇ ಹೊಸ ಶಸ್ತ್ರಚಿಕಿತ್ಸೆ ಹುಟ್ಟಿತು. ಅಂಗಾಂಶವನ್ನು ಮೃದುವಾಗಿ ಮುಟ್ಟಬೇಕು, ರಕ್ತಸ್ರಾವವನ್ನು ಒಂದೊಂದಾಗಿ ನಿಲ್ಲಿಸಬೇಕು, ಸ್ವಚ್ಛತೆಯಲ್ಲಿ ರಾಜಿ ಇಲ್ಲ ಎಂಬುದು ಅವರ ಪಾಠ. ಹರ್ನಿಯಾ ಶಸ್ತ್ರಚಿಕಿತ್ಸೆಗೆ ಹೊಸ ವಿಧಾನ ತಂದರು. ಸ್ತನ ಕ್ಯಾನ್ಸರ್‌ಗೆ ಅವರು ರೂಪಿಸಿದ ವಿಸ್ತಾರವಾದ ಶಸ್ತ್ರಚಿಕಿತ್ಸೆ ದಶಕಗಳ ಕಾಲ ಜಗತ್ತಿನಾದ್ಯಂತ ನಡೆಯಿತು. ಅಷ್ಟು ಕತ್ತರಿಸುವ ಅಗತ್ಯವಿಲ್ಲ ಎಂದು 20ನೇ ಶತಮಾನದ ಉತ್ತರಾರ್ಧದ ಅಧ್ಯಯನಗಳು ತೋರಿಸಿದ ಮೇಲೆ ಅದು ಹಿಂದೆ ಸರಿಯಿತು. ನರಶಸ್ತ್ರಚಿಕಿತ್ಸೆಯ ದಿಗ್ಗಜ ಹಾರ್ವೆ ಕುಶಿಂಗ್ ಇವರ ಶಿಷ್ಯರಲ್ಲಿ ಒಬ್ಬರು.

ಗ್ಲೌಸ್ ಕತೆಯೂ ಇಲ್ಲಿನದೇ. ಥಿಯೇಟರ್‌ನ ಮುಖ್ಯ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈಗಳು ಕ್ರಿಮಿನಾಶಕ ಪಾದರಸದ ದ್ರಾವಣದಿಂದ ಸುಲಿದುಹೋಗುತ್ತಿದ್ದವು. ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳುವಾದ ಗ್ಲೌಸ್ ಮಾಡಿಸಿಕೊಟ್ಟರು. 1890ರಲ್ಲಿ ಇಬ್ಬರ ಮದುವೆಯೂ ಆಯಿತು. ನರ್ಸ್ ಕೈ ಕಾಪಾಡಲು ಬಂದ ಗ್ಲೌಸ್, ರೋಗಿಗಳಿಗೆ ತಗಲುವ ಸೋಂಕನ್ನೂ ಇಳಿಸುತ್ತದೆ ಎಂದು ಆಮೇಲೆ ಗೊತ್ತಾಯಿತು.

ಇಷ್ಟೆಲ್ಲದರ ನಡುವೆ ಮಾರ್ಫಿನ್ ನಿಂತಿರಲಿಲ್ಲ. ಹಾಪ್ಕಿನ್ಸ್‌ನ ಇನ್ನೊಬ್ಬ ಮಹಾನ್ ವೈದ್ಯ ವಿಲಿಯಂ ಆಸ್ಲರ್‌ಗೆ ಇದು ಗೊತ್ತಾದದ್ದು ಒಮ್ಮೆ ಹಾಲ್‌ಸ್ಟೆಡ್ ವಿಪರೀತ ಚಳಿನಡುಕದಿಂದ ನರಳುವುದನ್ನು ಕಂಡಾಗ. ಆಸ್ಲರ್ ಆಪ್ತರಾದರು, ಗುಟ್ಟನ್ನು ಕಾಪಾಡಿದರು, ಆದರೆ ಬರೆದಿಟ್ಟರು. ಹಾಲ್‌ಸ್ಟೆಡ್‌ಗೆ ದಿನಕ್ಕೆ ಮೂರು ಗ್ರೇನ್‌ಗಿಂತ, ಅಂದರೆ ಸುಮಾರು 200 ಮಿಲಿಗ್ರಾಂಗಿಂತ, ಕೆಳಗಿಳಿಯಲು ಬಹುಕಾಲ ಸಾಧ್ಯವಾಗಿರಲಿಲ್ಲ. ಮಾರ್ಫಿನ್ ಪಡೆದೇ ಇರದ ವಯಸ್ಕರಿಗೆ ನೋವಿಗೆಂದು ಒಮ್ಮೆ ಕೊಡುವ ಚುಚ್ಚುಮದ್ದು ಸಾಮಾನ್ಯವಾಗಿ 10 ಮಿಲಿಗ್ರಾಂ ಆಸುಪಾಸು. 1898ರ ಹೊತ್ತಿಗೆ ಪ್ರಮಾಣ ಒಂದೂವರೆ ಗ್ರೇನ್‌ಗೆ ಇಳಿದಿತ್ತು.

ಬೇಸಿಗೆ ಬಂದರೆ ಹಾಲ್‌ಸ್ಟೆಡ್ ತಿಂಗಳುಗಟ್ಟಲೆ ಆಸ್ಪತ್ರೆಯಿಂದ ದೂರ. ಉತ್ತರ ಕೆರೊಲಿನಾದ ತೋಟದ ಮನೆಯಲ್ಲಿ ಡೇಲಿಯಾ ಹೂ ಬೆಳೆಯುತ್ತಿದ್ದರು, ಇಲ್ಲವೇ ಒಬ್ಬರೇ ಯುರೋಪಿಗೆ ಹೋಗುತ್ತಿದ್ದರು. 1922ರ ಸೆಪ್ಟೆಂಬರ್ 7ರಂದು, ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳಿಂದ ನಿಧನರಾದರು. ತಾಯಿಯನ್ನು ಅಡುಗೆಮನೆಯಲ್ಲಿ ಉಳಿಸಿದ್ದೂ ಇದೇ ಕಾಯಿಲೆಯಿಂದ. ಪತ್ನಿ ಕ್ಯಾರೊಲಿನ್ ಕೆಲವೇ ವಾರಗಳಲ್ಲಿ ಅವರನ್ನು ಹಿಂಬಾಲಿಸಿದರು.

ಮೊದಲ ಜೀವನಚರಿತ್ರೆಗಳು ಕೊಕೇನ್ ಗೆದ್ದ ಕತೆಯನ್ನಷ್ಟೇ ಹೇಳಿದವು. ಮುಚ್ಚಿಟ್ಟಿದ್ದ ಆಸ್ಲರ್ ಬರಹ ಬೆಳಕಿಗೆ ಬಂದದ್ದು 1969ರಲ್ಲಿ, ಆಸ್ಲರ್ ತೀರಿಕೊಂಡ 50 ವರ್ಷಗಳ ನಂತರ.

ಎಲ್ಲರಿಗೂ ವೆಲ್ಚ್ ಸಿಗುವುದಿಲ್ಲ

ಮಾರ್ಫಿನ್ ತೆಗೆದುಕೊಂಡೂ ಇಷ್ಟು ಸಾಧಿಸಿದರಲ್ಲ, ಹಾಗಾದರೆ ಅದು ಅಷ್ಟು ಕೆಟ್ಟದ್ದಲ್ಲವೇ ಎಂಬ ಪ್ರಶ್ನೆ ಏಳಬಹುದು. ಹಾಗೆ ಅಂದುಕೊಳ್ಳುವುದು ತಪ್ಪು. ಹಾಲ್‌ಸ್ಟೆಡ್‌ಗೆ ಸಿಗುತ್ತಿದ್ದುದು ಆಸ್ಪತ್ರೆಯ ಶುದ್ಧ, ಅಳತೆಯ ಮದ್ದು. ಕೈಯಲ್ಲಿ ಹಣವಿತ್ತು. ಗುಟ್ಟು ಕಾಯುವ ಗೆಳೆಯರಿದ್ದರು. ಬಿದ್ದಾಗ ಎತ್ತಿ ಕೆಲಸ ಕೊಡುವವರಿದ್ದರು. ಅದೇ ಅಮೆರಿಕದಲ್ಲಿ 1914ರ ಹ್ಯಾರಿಸನ್ ಕಾಯ್ದೆಯ ನಂತರ ಇದೇ ಚಟವಿದ್ದ ಸಾಮಾನ್ಯರು ಕಳ್ಳಸಂತೆಗೆ ಹೋಗಬೇಕಾಯಿತು. ಚಟವಿರುವವರಿಗೆ ಅದನ್ನು ಮುಂದುವರಿಸಲಷ್ಟೇ ಮಾರ್ಫಿನ್ ಬರೆದುಕೊಡುವುದು ವೈದ್ಯವೃತ್ತಿಯಲ್ಲ ಎಂದು 1919ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಚಟ ಎಂದರೆ ಮನಸ್ಸು ಗಟ್ಟಿ ಇಲ್ಲದವರ ದೌರ್ಬಲ್ಯ ಎಂಬ ನಂಬಿಕೆ ಇನ್ನೂ ಇದೆ. ಹಾಲ್‌ಸ್ಟೆಡ್‌ಗಿಂತ ಶಿಸ್ತಿನ ವೈದ್ಯರನ್ನು ಹುಡುಕುವುದು ಕಷ್ಟ. ಅವರಿಗೇ ಬಿಡಲಾಗಲಿಲ್ಲ.

ಇಂದು ಓಪಿಯಾಯ್ಡ್ ಚಟಕ್ಕೆ ಬ್ಯುಪ್ರಿನಾರ್ಫಿನ್, ಮೆಥಡೋನ್ ಎಂಬ ಔಷಧಗಳಿವೆ. ಇವೂ ಓಪಿಯಾಯ್ಡ್‌ಗಳೇ. ಆದರೆ ನಿಧಾನವಾಗಿ, ದೀರ್ಘಕಾಲ ಕೆಲಸ ಮಾಡುತ್ತವೆ. ವೈದ್ಯರ ಕಣ್ಣೆದುರೇ ಅಳತೆ ಪ್ರಕಾರ ಕೊಡುವುದರಿಂದ ಮುಚ್ಚಿಡುವ ಅಗತ್ಯವಿಲ್ಲ. ಬಟ್ಲರ್ ಆಸ್ಪತ್ರೆಯಲ್ಲಿ ನಡೆದ ಮದ್ದಿನ ಅದಲುಬದಲಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಭಾರತಕ್ಕೂ ಈ ವಿಷಯ ದೂರದ್ದಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆ ಪ್ರಕಾರ ದೇಶದ ಜನಸಂಖ್ಯೆಯ ಸುಮಾರು 2.1% ಮಂದಿ ಓಪಿಯಾಯ್ಡ್ ಬಳಸುತ್ತಾರೆ. ನೋವಿನ ಮಾತ್ರೆ ಟ್ರಮಡಾಲ್ ಅನ್ನು 2018ರಲ್ಲಿ ಎನ್‌ಡಿಪಿಎಸ್ ಕಾಯ್ದೆಯಡಿ ತರಲಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮುಂಬೈ, ದೆಹಲಿ ಸೇರಿದಂತೆ ಯಾವ ಊರಿನಲ್ಲೇ ಇದ್ದರೂ ನೆರವಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು.