ಮೀನಿಗೆ ಹೆಸರಿಟ್ಟ ಮೇಷ್ಟ್ರು ಸಿ.ಆರ್. ನಾರಾಯಣ ರಾವ್

ಗಂಡಸಿ, ಅರಸೀಕೆರೆ ಕಡೆ ಮೀನು ಅಂದರೆ ಕೆರೆಗೆ ಮರಿ ಬಿಟ್ಟು ಬೆಳೆಸುವ ಕಾಟ್ಲಾ, ರೋಹು, ಗೆಂಡೆ. ಇವಕ್ಕೆ ಹೆಸರೂ ಇದೆ, ಕೆ.ಜಿ.ಗೆ ಇಷ್ಟು ಅಂತ ದರವೂ ಇದೆ. ಹೊಳೆಯ ಕಲ್ಲುಸಂದಿಯಲ್ಲಿ ಓಡಾಡುವ ಬೆರಳುದ್ದದ ಮೀನುಗಳನ್ನು ಮಾತ್ರ ಯಾರೂ ತೂಕಕ್ಕೆ ಇಡುವುದಿಲ್ಲ. ಇಂಥ ಮೀನು, ಕಪ್ಪೆಗಳನ್ನೇ ಹುಡುಕಿ, ಅಳೆದು, ಹೆಸರಿಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ.ಆರ್. ನಾರಾಯಣ ರಾವ್. ಅವರ ಕೆಲಸದ ಒಂದು ದೊಡ್ಡ ಭಾಗ ನಮ್ಮ ಹಾಸನ ಜಿಲ್ಲೆಗೇ ಸೇರಿದ್ದು.

ನಾರಾಯಣ ರಾವ್ ಹುಟ್ಟಿದ್ದು 1882ರ ಆಗಸ್ಟ್ 15ರಂದು, ಕೊಯಮತ್ತೂರಿನಲ್ಲಿ. ಶಾಲೆ ಓದಿದ್ದು ಬಳ್ಳಾರಿಯಲ್ಲಿ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಮುಗಿಸಿ ಕೊಯಮತ್ತೂರು, ಎರ್ನಾಕುಲಂನಲ್ಲಿ ಪಾಠ ಹೇಳಿದರು. ಆಮೇಲೆ ಸೆಂಟ್ರಲ್ ಕಾಲೇಜಿಗೆ ಬಂದು ಪ್ರಾಣಿಶಾಸ್ತ್ರ ವಿಭಾಗ ಕಟ್ಟಿದರು. 1937ರಲ್ಲಿ ನಿವೃತ್ತರಾಗುವ ತನಕ ಅಲ್ಲೇ ಮುಖ್ಯಸ್ಥರಾಗಿದ್ದರು.

ಆ ಕಾಲದಲ್ಲಿ ನಮ್ಮ ನದಿಗಳ ಮೀನಿನ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಬ್ರಿಟಿಷ್ ಅಧಿಕಾರಿಗಳು, ಸೈನ್ಯದ ವೈದ್ಯರು. ಭಾರತದ ಮೀನುಗಳ ದೊಡ್ಡ ಗ್ರಂಥವನ್ನು 1875ರಿಂದ 1878ರವರೆಗೆ ಹೊರತಂದ ಫ್ರಾನ್ಸಿಸ್ ಡೇ ಕೂಡ ಮದ್ರಾಸ್ ಸೈನ್ಯದ ವೈದ್ಯರೇ. ಅಂಥ ಕಡೆ ಬೆಂಗಳೂರಿನ ಒಬ್ಬ ಮೇಷ್ಟ್ರು 1920ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಮೈಸೂರು ಸೀಮೆಯ ಗೆಂಡೆ ಜಾತಿಯ ಹೊಸ ಮೀನುಗಳ ಮೇಲೆ ಸುಮಾರು 20 ಪುಟಗಳ ಲೇಖನ ಬರೆದರು.

ಅವರು ಹೆಸರಿಟ್ಟ ಮೀನುಗಳಲ್ಲಿ ಶಿವಮೊಗ್ಗದ ತುಂಗಾ ನದಿಯ ಗರ್ರಾ ಬೈಕಾರ್ನುಟಾ ಒಂದು. ಲ್ಯಾಟಿನ್‌ನಲ್ಲಿ ಎರಡು ಕೊಂಬಿನದು ಅಂತ ಅರ್ಥ. ಮೂತಿಯ ಮೇಲಿನ ಕೊಂಬಿನಂಥ ಉಬ್ಬುಗಳಿಂದ ಈ ಹೆಸರು. ಗರ್ರಾ ಕುಲದ ಮೀನುಗಳಿಗೆ ಬಾಯಿಯ ಕೆಳಗೆ ಬಿಲ್ಲೆಯಂಥ ಒಂದು ಅಂಗ ಇರುತ್ತದೆ. ಅದರಿಂದ ಕಲ್ಲಿಗೆ ಅಂಟಿಕೊಂಡು, ಎಷ್ಟೇ ಸೆಳೆತ ಇದ್ದರೂ ಕೊಚ್ಚಿಹೋಗದೆ ಪಾಚಿ ಕೆರೆದು ತಿನ್ನುತ್ತವೆ. ಕಲ್ಲು, ಹರಿಯುವ ನೀರು ಎರಡೂ ಇರುವ ಹೊಳೆಗಳಲ್ಲೇ ಇವು ಹೆಚ್ಚಾಗಿ ಬದುಕುತ್ತವೆ.

ಹೊಸ ಮೀನು ಸಿಕ್ಕಿತು ಅಂತ ಹೇಳಿದರೆ ಸಾಕಾಗುವುದಿಲ್ಲ. ಮೈಪಕ್ಕದ ಗೆರೆಯ ಮೇಲೆ ಎಷ್ಟು ಪೊರೆ, ಪ್ರತಿ ರೆಕ್ಕೆಯಲ್ಲಿ ಎಷ್ಟು ಕಡ್ಡಿ, ಮೀಸೆ ಎಷ್ಟು, ತಲೆಯ ಉದ್ದ ಮೈಯುದ್ದದಲ್ಲಿ ಎಷ್ಟು ಪಾಲು, ಎಲ್ಲವನ್ನೂ ಎಣಿಸಬೇಕು, ಅಳೆಯಬೇಕು. ಹಿಂದೆ ಯಾರಾದರೂ ಇದೇ ಮೀನಿಗೆ ಬೇರೆ ಹೆಸರು ಕೊಟ್ಟಿದ್ದಾರಾ ಅಂತ ಹಳೆಯ ಪುಸ್ತಕಗಳನ್ನು ಜಾಲಾಡಬೇಕು. ಕೊನೆಗೆ ಆ ಮೀನನ್ನು ಸ್ಪಿರಿಟ್ ತುಂಬಿದ ಶೀಶೆಯಲ್ಲಿ ಇಟ್ಟು ಕಾಪಾಡಬೇಕು. ಅಂಗಡಿಯ ತೂಕದ ಬಟ್ಟಿಗೆ ಸರ್ಕಾರದ ಮೂಲ ಬಟ್ಟು ಹೇಗೋ, ಆ ಹೆಸರಿಗೆ ಆ ಶೀಶೆಯ ಮೀನು ಹಾಗೆ. ಅನುಮಾನ ಬಂದವರು ಅದನ್ನೇ ತೆಗೆದು ನೋಡಬೇಕು.

ಈ ವಿಷಯದಲ್ಲೇ ನಾರಾಯಣ ರಾವ್ ಅವರ ಶ್ರಮಕ್ಕೆ ದೊಡ್ಡ ಪೆಟ್ಟು ಬಿತ್ತು. ನಿವೃತ್ತಿಯ ವರ್ಷವಾದ 1937ರಲ್ಲಿ ಅವರು ದಕ್ಷಿಣ ಭಾರತದ ಕಪ್ಪೆಗಳ ಮೇಲೆ ದೊಡ್ಡ ಲೇಖನ ಪ್ರಕಟಿಸಿದರು. ಅದರಲ್ಲಿನ ಎಷ್ಟೋ ಕಪ್ಪೆಗಳು ಸಿಕ್ಕಿದ್ದು ಸಕಲೇಶಪುರ ತಾಲ್ಲೂಕಿನ ಕೆಂಪುಹೊಳೆ ಕಾಡಿನಲ್ಲಿ. ಇಲ್ಲಿಂದ ಧರ್ಮಸ್ಥಳಕ್ಕೋ ಮಂಗಳೂರಿಗೋ ಹೋಗುವವರು ಶಿರಾಡಿ ಘಾಟ್ ಇಳಿಯುವಾಗ ರಸ್ತೆ ಪಕ್ಕ ನೋಡುವ ಹೊಳೆ ಅದೇ. ಶೀಶೆಗಳನ್ನು ಕಾಲೇಜಿನ ಸಂಗ್ರಹದಲ್ಲಿ ಇಟ್ಟರು. ಮುಂದೆ ಆ ಶೀಶೆಗಳು ಕಾಣೆಯಾದವು. ಒಬ್ಬ ಮನುಷ್ಯ ವರ್ಷಗಟ್ಟಲೆ ಮಳೆಯಲ್ಲಿ ನೆನೆದು ತಂದದ್ದು, ಕಾಯುವವರಿಲ್ಲದೆ ಹೋಯಿತು.

ಶೀಶೆ ಇಲ್ಲದ ಮೇಲೆ ಆ ಹೆಸರುಗಳನ್ನು ಏನು ಮಾಡುವುದು? ದಶಕಗಳ ಕಾಲ ಅವು ಪುಸ್ತಕದಲ್ಲಷ್ಟೇ ಉಳಿದವು. ಯಾವ ಕಪ್ಪೆ ಯಾವುದು ಅಂತ ಖಚಿತವಾಗಿ ಹೇಳುವುದೇ ಕಷ್ಟವಾಯಿತು. ಆದರೆ ಅವರ ಬರಹದಲ್ಲಿ ಜಾಗದ ಹೆಸರು ಇತ್ತು, ಅಳತೆ ಇತ್ತು, ವರ್ಣನೆ ಇತ್ತು. ಅದನ್ನೇ ಹಿಡಿದು ಸಂಶೋಧಕರು ಮತ್ತೆ ಕಾಡಿಗೆ ಇಳಿದರು. ಎಸ್.ಡಿ. ಬಿಜು ಮತ್ತು ಜೊತೆಗಾರರು 2011ರಲ್ಲಿ, ಕೆಂಪುಹೊಳೆಯ ಹೆಸರನ್ನೇ ಹೊತ್ತ ಇರುಳುಗಪ್ಪೆ ಸುಮಾರು 75 ವರ್ಷಗಳ ನಂತರ ಮತ್ತೆ ಸಿಕ್ಕಿದ್ದನ್ನು ಪ್ರಕಟಿಸಿದರು. ನಾರಾಯಣ ರಾವ್ 1920ರಲ್ಲಿ ವರ್ಣಿಸಿದ್ದ ಕೊಡಗಿನ ಇರುಳುಗಪ್ಪೆಯಂತೂ 91 ವರ್ಷಗಳ ಮೇಲೆ ಸಿಕ್ಕಿತು.

ಕಾಡು ಸುತ್ತಿದ್ದಷ್ಟೇ ಅವರ ಕೆಲಸವಲ್ಲ. ಇಲ್ಲಿನ ವಿಜ್ಞಾನಿಗಳು ತಮ್ಮ ಶೋಧ ಪ್ರಕಟಿಸಲು ವಿದೇಶದ ಪತ್ರಿಕೆಗಳಿಗೆ ಕಳಿಸಿ ಕಾಯಬೇಕಿದ್ದ ದಿನಗಳವು. 1932ರ ಜುಲೈನಲ್ಲಿ ಬೆಂಗಳೂರಿನಿಂದ ಕರೆಂಟ್ ಸೈನ್ಸ್ ಪತ್ರಿಕೆ ಶುರುವಾದಾಗ ಅದರ ಮೊದಲ ಸಂಪಾದಕರು ಇದೇ ನಾರಾಯಣ ರಾವ್. ಆ ಪತ್ರಿಕೆ ಇಂದಿಗೂ ಬರುತ್ತಿದೆ. ಪತ್ರಿಕೆಯ ಹೆಸರು ಗೊತ್ತಿರುವ ಎಷ್ಟೋ ಜನರಿಗೆ ಸಂಪಾದಕರ ಹೆಸರು ಗೊತ್ತಿಲ್ಲ ಅನ್ನುವುದು ಬೇರೆ ಮಾತು.

ಅವರು 1960ರ ಜನವರಿ 2ರಂದು ತೀರಿಕೊಂಡರು. ಅಷ್ಟು ಹೊತ್ತಿಗೆ ಅವರ ಹೆಸರೂ ಒಂದು ಮೀನಿಗೆ ಸೇರಿಯಾಗಿತ್ತು. ಕಲ್ಕತ್ತದ ಮೀನುತಜ್ಞ ಸುಂದರ್ ಲಾಲ್ ಹೋರಾ ಮೈಸೂರು, ಕೊಡಗಿನ ಮೀನುಗಳನ್ನು ಪರಿಶೀಲಿಸಿ 1937ರಲ್ಲಿ ಬರೆದಾಗ, ಕಾವೇರಿಯ ಒಂದು ಪುಟ್ಟ ಮೀನಿಗೆ ನಾರಾಯಣಿ ಅಂತ ಹೆಸರಿಟ್ಟರು. ಈಗಿನ ಪಟ್ಟಿಗಳಲ್ಲಿ ಅದು ಪೆಥಿಯಾ ನಾರಾಯಣಿ. 2010ರಲ್ಲಿ ಪೊದೆಗಪ್ಪೆಗಳ ಒಂದು ಇಡೀ ಕುಲಕ್ಕೇ ರಾವೋರ್ಕೆಸ್ಟಿಸ್ ಅಂತ ಅವರ ಹೆಸರು ಬಂತು. ಮಳೆಗಾಲದ ರಾತ್ರಿ ಮಲೆನಾಡಿನ ಕಾಫಿ ತೋಟಗಳಲ್ಲಿ ಟಿಕ್ ಟಿಕ್ ಅಂತ ಕೂಗುವ, ಉಗುರಿಗಿಂತ ಸ್ವಲ್ಪವೇ ದೊಡ್ಡದಾದ ಕಪ್ಪೆಗಳಲ್ಲಿ ಹಲವು ಆ ಕುಲದವೇ.